ಮುತ್ಯಾನ ಸಂದೂಕದಾಗ ಏನದ?

ಹಳೇ ಉರ್ದು ಕಾಗದ, ಪಹಣಿ, ರಸೀದಿ ಓದಿ ಹೇಳುವ ಅಂಕಣ ಇದು. ನಾನು ಭೂದಾಖಲೆ ಇಲಾಖೆಯಲ್ಲಿ ಕಲಬುರಗಿ, ಬೀದರ ಸೇರಿ 36 ವರ್ಷ ದಫ್ತರ ಹೊತ್ತವನು. ಸಾಮಾನ್ಯವಾಗಿ ಬರುವ ಪ್ರಶ್ನೆ ‘ಈ ಸರ್ವೆ ನಂಬರ್ ಯಾರದು?’ ಅಂತ. ಈ ಸಲ ಬಂದವುಗಳಲ್ಲಿ ಹೊಲಕ್ಕಿಂತ ಮನೆಯ ಮಾತೇ ಹೆಚ್ಚು. ಹಾಗಾಗಿ ನಾಲ್ಕು ಪತ್ರ ಮತ್ತು ಒಂದು ಪೋಸ್ಟ್ ಕಾರ್ಡಿಗೆ ಮಾತ್ರ ಉತ್ತರ. ಉಳಿದವರು ಮುಂದಿನ ತಿಂಗಳತನಕ ತಡೆದುಕೊಳ್ಳಬೇಕು.

ಪ್ರಶ್ನೆ: ನಮ್ಮ ಮುತ್ಯಾನ ಕಾಲಕ್ಕೆ ಆಳಂದ ತಾಲ್ಲೂಕಿನಲ್ಲಿ ಮುನ್ನೂರು ಎಕರೆ ಇತ್ತಂತೆ. ‘ರಜಾಕಾರರ (ನಿಜಾಮನ ಪರ ಆಯುಧ ಹಿಡಿದ ಪಡೆಯವರ) ಹಾವಳಿಯೊಳಗ ಎಲ್ಲಾ ಹೋಯ್ತು’ ಎಂದು ಕೇಳುತ್ತಲೇ ಬೆಳೆದೆ. ಈಗ ಉಳಿದಿರುವುದು ನಾಲ್ಕು ಎಕರೆ. ದೊಡ್ಡ ಆಸ್ತಿಯ ಕಾಗದವನ್ನು ಇನ್ನೊಬ್ಬರು ಬಚ್ಚಿಟ್ಟಿದ್ದಾರೆ ಎಂಬ ಅನುಮಾನದಲ್ಲಿ ನಮ್ಮಪ್ಪ, ಕಾಕಾ ಹದಿನೆಂಟು ವರ್ಷದಿಂದ ಮಾತು ಬಿಟ್ಟಿದ್ದಾರೆ. ಮುತ್ಯಾನ ಸಂದೂಕದಲ್ಲಿ ಸಿಕ್ಕ ಉರ್ದು ಕಾಗದದ ಫೋಟೊ, ತಹಶೀಲಿನಿಂದ ತಂದ ಖಾಸರಾ ಪಹಣಿಯ ನಕಲು ಎರಡನ್ನೂ ಕಳಿಸಿದ್ದೇನೆ. ಇದು ಭೂಮಿ ಕೊಟ್ಟ ಸನದು ಹೌದೋ ಅಲ್ಲವೋ? — ಪುಣೆಯಿಂದ ಒಬ್ಬ ಓದುಗರು, ವಯಸ್ಸು 34

ಉತ್ತರ: ಮಗಳ ವಯಸ್ಸಿನವಳು, ನೀನು ಅನ್ನುತ್ತೇನೆ, ಬ್ಯಾಸರ ಮಾಡ್ಕೋಬ್ಯಾಡ ತಂಗಿ. ಇದು ಸನದಲ್ಲ, ಕಂದಾಯದ ರಸೀದಿ. ಬಲಕ್ಕೆ ಮೇಲ್ತುದಿಯಲ್ಲಿ 1351 ಫಸಲಿ ಎಂದಿದೆ. ಫಸಲಿ ಅಂದರೆ ನಿಜಾಮ ಸರಕಾರದ ಕಂದಾಯದ ವರ್ಷ, ಅದಕ್ಕೆ 590 ಕೂಡಿಸು, 1941 ಬರುತ್ತದೆ. ತಿಂಗಳು ಬಹಮನ್, ಅಂದರೆ ಡಿಸೆಂಬರ್, ಬಿಳಿಜೋಳ ತೆನೆ ಹಿಡಿಯುವ ಹೊತ್ತು. ಎರಡು ಸರ್ವೆ ನಂಬರು, ಎರಡೂ ಸೇರಿ 23 ಎಕರೆ 14 ಗುಂಟೆ. ರೊಕ್ಕ ನಿಜಾಮನ ನಾಣ್ಯ ಹಾಲಿ ಸಿಕ್ಕಾದಲ್ಲಿ. ಕೆಳಗೆ ಹಣ ಪಡೆದವರ ರುಜು ಇದೆಯಲ್ಲ, ಅದರ ಪಕ್ಕದಲ್ಲಿ ‘ಮಾಲಿ ಪಟೇಲ್’ ಎಂದು ಬರೆದಿದೆ. ಕಟ್ಟಿದವನ ಹೆಸರೂ ಪಡೆದವನ ಹೆಸರೂ ಒಂದೇ. ನಿಮ್ಮ ಮುತ್ಯಾ ತನ್ನ ಕಂದಾಯ ತಾನೇ ಕಟ್ಟಿ ತನಗೆ ತಾನೇ ರಸೀದಿ ಕೊಟ್ಟುಕೊಂಡಿದ್ದಾನೆ. ನಗಬೇಡ, ಕಾಯಿದೆ ಪ್ರಕಾರ ಅದು ಸರಿಯೇ.

ಮುನ್ನೂರು ಎಕರೆಯ ಗುಟ್ಟು ಆ ರುಜುವಿನಲ್ಲೇ ಇದೆ. ಆಗಿನ ಊರಿಗೆ ಮೂವರು ವಂಶಪಾರಂಪರ್ಯದ ನೌಕರರು: ಕಂದಾಯ ವಸೂಲು ಮಾಡುವ ಮಾಲಿ ಪಾಟೀಲ, ಬಂದೋಬಸ್ತು ನೋಡುವ ಪೊಲೀಸ್ ಪಾಟೀಲ, ಲೆಕ್ಕ ಬರೆಯುವ ಪಟವಾರಿ. ಮುನ್ನೂರು ಎಕರೆಯ ಕಂದಾಯ ನಿಮ್ಮ ಮುತ್ಯಾನ ಕೈಯಿಂದ ಹಾದು ಹೋಗುತ್ತಿತ್ತು ಅಂತ ಕಾಣುತ್ತದೆ. ‘ಮುತ್ಯಾನ ಕೈಯಾಗ ಮುನ್ನೂರು ಎಕರಿ ಇತ್ತು’ ಎಂದು ಯಾರೋ ಅಂದಿರಬೇಕು. ಆ ಮಾತು ಸುಳ್ಳಲ್ಲ. ಎರಡನೇ ತಲೆಮಾರಿಗೆ ಬರುವಷ್ಟರಲ್ಲಿ ‘ಕೈಯಾಗ’ ಬಿದ್ದುಹೋಗಿ ‘ಮುತ್ಯಾಗ ಮುನ್ನೂರು ಎಕರಿ ಇತ್ತು’ ಉಳಿದಿದೆ. ನಮ್ಮ ಭಾಗದಲ್ಲಿ ಇನಾಮದಾರ, ಜಾಗೀರದಾರ, ದೇಶಮುಖ, ಮಾಲಿಪಾಟೀಲ ಅಂತ ಅಡ್ಡಹೆಸರಿರುವ ಹಲವು ಮನೆಗಳಲ್ಲಿ ಇದೇ ಕತೆ ನೋಡಿದ್ದೇನೆ. ಹುದ್ದೆ ಹೋಗಿ ಹೆಸರು ಉಳಿಯಿತು, ಹೆಸರು ನೋಡಿ ಆಸ್ತಿಯ ಕನಸು ಬೆಳೆಯಿತು.

ಇನ್ನೊಂದು ಮಾತೂ ತಿಳಿದಿರಲಿ. ನಿಜಾಮನ ರಾಜ್ಯದಲ್ಲಿ ಸುಮಾರು ನೂರಕ್ಕೆ 60 ಭಾಗ ಭೂಮಿ ಸರಕಾರದ ದಿವಾನಿ, 30 ಭಾಗ ಜಾಗೀರು, 10 ಭಾಗ ನಿಜಾಮನ ಖಾಸಗಿ ಸರ್ಫ್-ಎ-ಖಾಸ್. ನಿಮ್ಮ ಆಳಂದ ಪಾಯಗಾದವರದು, ಅಂದರೆ ನಿಜಾಮನ ಮನೆತನದೊಡನೆ ಬೀಗತನ ಬೆಳೆಸಿದ, ಸೈನ್ಯ ಸಾಕುವ ಲೆಕ್ಕದಲ್ಲಿ ಊರೂರು ಪಡೆದ ಅಮೀರರದು. ಅವರು ಹೈದರಾಬಾದಿನ ದೇವಡಿಯಲ್ಲಿ ಇದ್ದರು, ಈ ಮಣ್ಣು ತುಳಿದದ್ದು ಕಡಿಮೆ. ಜಾಗೀರದಾರನಿಗೆ ಇದ್ದದ್ದು ಊರಿನ ಕಂದಾಯದ ಹಕ್ಕು, ಹೊಲದ ಪಟ್ಟಾ, ಅಂದರೆ ಒಡೆತನ, ಬೇರೆಯವರದು. 1949ರಲ್ಲಿ ಜಾಗೀರು ರದ್ದಾದಾಗ ಅವರಿಗೆ ಕಂತಿನ ಪರಿಹಾರ ಸಿಕ್ಕಿತು. ಊರಲ್ಲಿ ಉಳಿದವರು ಪಾಟೀಲ, ಪಟವಾರಿ, ಉಳುವವ.

ಈಗ ನೀನು ಕಳಿಸಿದ ಖಾಸರಾ ಪಹಣಿ, ಅಂದರೆ ಹೊಲ ಯಾರದು, ಉಳುವವರು ಯಾರು ಎಂದು ಬರೆದಿಟ್ಟ ದಾಖಲೆ. ಇದು 1954–55ರದು, ನಮ್ಮ ಭಾಗದ ವ್ಯಾಜ್ಯಗಳಲ್ಲಿ ವಕೀಲರು ಮೊದಲು ಕೇಳುವ ಕಾಗದ. ಪಟ್ಟೇದಾರನ ಕಾಲಂನಲ್ಲಿ ನಿಮ್ಮ ಮುತ್ಯಾನ ಹೆಸರೇ ಇದೆ, 23 ಎಕರೆ 14 ಗುಂಟೆ, ಒಂದು ಗುಂಟೆಯೂ ಕಮ್ಮಿಯಿಲ್ಲ. 1948ರಲ್ಲಿ ಭಾರತದ ಸೇನೆ ನಿಜಾಮನ ರಾಜ್ಯಕ್ಕೆ ಬಂದ ಪೊಲೀಸ್ ಆ್ಯಕ್ಷನ್ ಆಗಿ ಆರು ವರ್ಷ ಕಳೆದಿತ್ತು ಆಗ. ಹಾವಳಿಯಲ್ಲಿ ನಿಮ್ಮ ಮನೆ ಸುಟ್ಟಿರಬಹುದು, ದನ ಹೊಡೆದುಕೊಂಡು ಹೋಗಿರಬಹುದು, ನಿಮ್ಮವರು ರಾತ್ರೋರಾತ್ರಿ ಅಕ್ಕಲಕೋಟೆಗೋ ಸೊಲ್ಲಾಪುರಕ್ಕೋ ಗಡಿ ದಾಟಿರಬಹುದು. ಭೂಮಿಯನ್ನು ಮಾತ್ರ ರಜಾಕಾರರು ಒಯ್ದಿಲ್ಲ.

ಸಾಗುವಳಿದಾರನ ಕಾಲಂ ನೋಡು. ಅಲ್ಲಿ ಬೇರೆ ಹೆಸರು. 1950ರ ಹೈದರಾಬಾದ್ ಗೇಣಿ ಕಾಯಿದೆ ಇಂಥವರಿಗೆ ಮೊದಲ ರಕ್ಷಣೆ ಕೊಟ್ಟಿತು. ಆಮೇಲೆ 1974ರ ಮಾರ್ಚ್ 1ಕ್ಕೆ ಗೇಣಿ ಭೂಮಿಯೆಲ್ಲ ಸರಕಾರಕ್ಕೆ ಸೇರಿ, ಉಳುವವನು ಫಾರಂ ನಂ. 7 ತುಂಬಿ ಭೂ ನ್ಯಾಯಮಂಡಳಿಯಿಂದ ಅಧಿಭೋಗದ ಹಕ್ಕು ಪಡೆಯುವಂತಾಯಿತು. ನಿಮ್ಮ ಹೊಲದ ಬಹುಪಾಲು ಹೀಗೆ ಹೋಗಿರುವ ಸಂಭವ ಹೆಚ್ಚು. ತಾಲ್ಲೂಕಿನಲ್ಲಿ ಆ ಆದೇಶದ ನಕಲಿಗೆ ಅರ್ಜಿ ಕೊಡು. ಮನೆಯಲ್ಲಿ ‘ಕಾಯಿದೆಯೊಳಗ ಹೋಯ್ತು, ಉಳುವವಗ ಹೋಯ್ತು’ ಅನ್ನುವುದಕ್ಕಿಂತ ‘ಹಾವಳಿಯೊಳಗ ಹೋಯ್ತು’ ಅನ್ನುವುದು ಹಗುರ. ಸುಟ್ಟವನಿಗೆ ಮುಖವಿಲ್ಲ. ಉತ್ತಿದವನ ಮಗ ದಿನಾ ಬಸ್ ಸ್ಟ್ಯಾಂಡಿನಲ್ಲಿ ಎದುರು ಸಿಗುತ್ತಾನೆ.

ನಿಮ್ಮಪ್ಪನಿಗೆ ಇದನ್ನು ಹೇಳುವ ಮುಂಚೆ ನಮ್ಮ ಮನೆಯದೂ ಕೇಳು, ಬರೀ ನಿಮ್ಮದೇ ಬಿಚ್ಚಿದಂತಾಗಬಾರದು. ನಮ್ಮ ಮುತ್ಯಾ ಸೇಡಂ ಕಡೆಯ ಒಂದು ಊರಿನ ಪಟವಾರಿ. 1982ರಲ್ಲಿ ಏನೋ ಬೇರೆ ಕೆಲಸಕ್ಕೆ ರೆಕಾರ್ಡ್ ರೂಮಿಗೆ ಹೋದಾಗ ಆ ಊರಿನ ಗೇಣಿದಾರರ ಬಹಿ ಕೈಗೆ ಸಿಕ್ಕಿತು. ಅಕ್ಷರ ನೋಡಿದ ಕೂಡಲೇ ಗುರುತು ಹತ್ತಿತು: ಳಕಾರದ ಬಾಲವನ್ನು ಕೆಳಗಿನ ಸಾಲಿನತನಕ ಎಳೆಯುವುದು ಅವನೊಬ್ಬನೇ, ನಮ್ಮ ಮನೆಯ ಪಂಚಾಂಗದ ಅಂಚಿನಲ್ಲೆಲ್ಲ ಹಾಗೇ ಬರೆದಿಟ್ಟಿದ್ದಾನೆ. ಒಂದು ಸಾಲಿನಲ್ಲಿ ಗೇಣಿದಾರನ ಜಾಗದಲ್ಲಿ ಮಸಿಯಲ್ಲಿ ‘ಖುದ್ದು’ ಎಂದಿತ್ತು, ಮಾಲೀಕನೇ ಉಳುತ್ತಾನೆ ಎಂಬರ್ಥ. ಅದರಡಿಯ ಕಾಗದ ಸವೆದು ತೆಳ್ಳಗಾಗಿತ್ತು. ಬಹಿಯನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದೆ. ಪೆನ್ಸಿಲಿನಲ್ಲಿ ಬರೆದು ಅಳಿಸಿದ ಹೆಸರು ತಗ್ಗುಗೆರೆಯಾಗಿ ಎದ್ದಿತು. ಮಾಲೀಕ ಪೇಟೆಯ ವಾಡೆಯ ಸಾವಕಾರ. ಅದರ ಮರುವರ್ಷ ಅದೇ ಸಾವಕಾರನಿಂದ ನಮ್ಮ ಮುತ್ಯಾನ ಹೆಸರಿಗೆ ಏಳು ಎಕರೆ ಬಂದದ್ದೂ ಅದೇ ಬಹಿಯಲ್ಲಿದೆ. ನನ್ನ ಮೆಟ್ರಿಕ್ ಫೀ ಆ ಏಳು ಎಕರೆಯ ತೊಗರಿಯದು.

ಅಳಿಸಿದ ಹೆಸರಿನವನ ಮೊಮ್ಮಗ ಗೌಂಡಿ. ಕಲಬುರಗಿಯ ನಮ್ಮ ಮನೆಗೆ ಗಿಲಾವು ಮಾಡಿದವನು ಅವನೇ. ಹನ್ನೊಂದು ದಿನ ಕೆಲಸ ಮಾಡಿದ. ದಿನಾ ಎರಡು ಸಲ ಚಹಾ ಕೊಟ್ಟೆ, ಊರ ಸುದ್ದಿ ಮಾತಾಡಿದೆ, ಇದನ್ನು ಹೇಳಲಿಲ್ಲ.

ನೀನು ದೀಪಾವಳಿಗೆ ಊರಿಗೆ ಬರುತ್ತೀಯಲ್ಲ, ಅಪ್ಪನನ್ನೂ ಕಾಕಾನನ್ನೂ ಒಂದೇ ಕಟ್ಟೆಯ ಮೇಲೆ ಕೂಡಿಸಿ ಈ ರಸೀದಿ ತೋರಿಸು. 23 ಎಕರೆ 14 ಗುಂಟೆ ಎಂದು ಗಟ್ಟಿಯಾಗಿ ಓದು. ವಕೀಲರ ಹತ್ತಿರ ಹೋಗಬೇಡ. ಬಚ್ಚಿಟ್ಟ ಕಾಗದ ಇದ್ದರೆ ತಾನೇ.

ಪ್ರಶ್ನೆ: ನಾನು ಬೀದರ ಜಿಲ್ಲೆಯ ನಿವೃತ್ತ ಶಿಕ್ಷಕ. ಪ್ರತಿ ಸೆಪ್ಟೆಂಬರ್ 17ರಂದು ಶಾಲೆಯಲ್ಲಿ ಧ್ವಜ ಏರಿಸಿ, ಮಕ್ಕಳಿಗೆ ಸಿಹಿ ಹಂಚಿ ಮನೆಗೆ ಬಂದರೆ ದಾದಿ, ಅಂದರೆ ನಮ್ಮಪ್ಪನ ತಾಯಿ, ಬಾಗಿಲು ಮುಚ್ಚಿಕೊಂಡು ಕೂತಿರುತ್ತಿದ್ದರು. ಯಾಕೆಂದು 1996ರಲ್ಲಿ ತೀರಿಕೊಳ್ಳುವತನಕ ಹೇಳಲಿಲ್ಲ. ಅವರ ಗಂಡ, ನಮ್ಮ ದಾದಾ 1948ರಲ್ಲಿ ಕಾಣೆಯಾದರು, ಅಷ್ಟೇ ಗೊತ್ತು. ಈಗ ಮೊಮ್ಮಗ ಕೇಳುತ್ತಾನೆ: ‘ನಮ್ಮವರು ರಜಾಕಾರರಾಗಿದ್ದರಾ?’ ಏನು ಹೇಳಲಿ?

ಉತ್ತರ: ಮಾಸ್ತರರೇ, ನಿಮ್ಮ ದಾದಾ ಏನಾಗಿದ್ದರು ಅನ್ನುವುದು ನನ್ನ ಯಾವ ದಫ್ತರದಲ್ಲೂ ಇರುವುದಿಲ್ಲ. ಮೊಮ್ಮಗನಿಗೆ ಎರಡನ್ನೂ ಹೇಳಿ, ಒಂದನ್ನು ಹೇಳಿ ಇನ್ನೊಂದನ್ನು ಬಿಡಬೇಡಿ.

1948ರ ಮೇ ತಿಂಗಳಲ್ಲಿ ಬಸವಕಲ್ಯಾಣದ ಹತ್ತಿರ ಗೋರ್ಟಾದಲ್ಲಿ ರಜಾಕಾರರು ಊರನ್ನೇ ಕೊಂದು ಸುಟ್ಟರು. ಆ ಕಡೆಯ ಮನೆಗಳಲ್ಲಿ ಇವತ್ತಿಗೂ ಅದರ ಸೂತಕ ಇದೆ. ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಬಂತು, 17ಕ್ಕೆ ನಿಜಾಮ ಶರಣಾದ. ಆ ಬಳಿಕದ ದಿನಗಳಲ್ಲಿ ಮುಸಲ್ಮಾನರ ಮೇಲೆ ಸೇಡು ತೀರಿತು. ಕೇಂದ್ರ ಸರಕಾರವೇ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಸತ್ತವರನ್ನು 27 ಸಾವಿರದಿಂದ 40 ಸಾವಿರ ಎಂದು ಅಂದಾಜು ಮಾಡಿತು. ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಬೀದರ, ಗುಲಬರ್ಗಾ ಎರಡೂ ಇವೆ. ಆ ವರದಿ ಎಷ್ಟೋ ದಶಕ ಬೆಳಕಿಗೇ ಬರಲಿಲ್ಲ. ನಿಮ್ಮ ದಾದಿ ಬಾಯಿ ಮುಚ್ಚಿದ್ದರೆ ಅದರಲ್ಲಿ ಆಶ್ಚರ್ಯವೇನು, ಸರಕಾರವೇ ಮುಚ್ಚಿಕೊಂಡಿತ್ತು.

ಮುಸಲ್ಮಾನ ಅಂದರೆ ರಜಾಕಾರ ಅನ್ನುವ ಮಾತು ಹುಡುಗನ ಕಿವಿಗೆ ಬಿದ್ದೇ ಬೀಳುತ್ತದೆ. ಆಗ ಶೋಯೆಬುಲ್ಲಾ ಖಾನ್ ಹೆಸರು ಹೇಳಿ. ಹೈದರಾಬಾದಿನ ‘ಇಮ್ರೋಜ್’ ಪತ್ರಿಕೆಯ ಸಂಪಾದಕ, ರಜಾಕಾರರ ವಿರುದ್ಧ ಬರೆದ ತಪ್ಪಿಗೆ 1948ರ ಆಗಸ್ಟಿನಲ್ಲಿ ನಡುಬೀದಿಯಲ್ಲಿ ಕೊಲೆಯಾದವರು. ಹಾಗೆಯೇ ನಿಜಾಮನ ನೆರಳಲ್ಲಿ ಸುಖವಾಗಿದ್ದ ಹಿಂದೂ ದೇಶಮುಖರೂ ಇದ್ದರು.

ನನಗೆ ಉರ್ದು ಕಲಿಸಿದ ಉಸ್ತಾದರು ನಿಜಾಮನ ಕಾಲದ ಪೇಶಕಾರರು, ಅಂದರೆ ಕಚೇರಿಯ ಕಾಗದಪತ್ರ ನೋಡುವವರು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, ಕಚೇರಿಗೆ ಕನ್ನಡ ಬಂತು. ನಮಗೆ ಅದು ಹಬ್ಬ. ಮೂವತ್ತಾರರ ವಯಸ್ಸಿನಲ್ಲಿ ಅವರು ಅಆಇಈ ತಿದ್ದಲು ಕೂತರು, ಕೈ ಹಿಡಿಯಲಿಲ್ಲ, ಬಡ್ತಿ ನಿಂತಿತು, ಬೇಸತ್ತು ನೌಕರಿ ಬಿಟ್ಟರು. ನಾನು ನೋಡುವ ಹೊತ್ತಿಗೆ ಕೋರ್ಟಿನ ಬೇವಿನಮರದಡಿ ತಗಡಿನ ಡಬ್ಬಿಯ ಮೇಲೆ ಕಾಗದವಿಟ್ಟು ಅರ್ಜಿ ಬರೆಯುತ್ತಿದ್ದರು. ಸಂಜೆ ಒಂದು ಚಹಾಕ್ಕೆ ಒಂದು ಪುಟ ಓದಿಸುತ್ತಿದ್ದರು. ‘ಬೇಟಾ, ನುಕ್ತಾ ಗಯಾ ತೋ ಜಮೀನ್ ಗಯಿ’ ಅನ್ನುವರು, ಒಂದು ಚುಕ್ಕೆ ತಪ್ಪಿದರೆ ಹೊಲ ಹೋಯಿತು ಅಂತ. 1948ರ ಬಗ್ಗೆ ಒಂದೇ ಒಂದು ಸಲ ಕೇಳಿದೆ. ಬಸಿಯಲ್ಲಿದ್ದ ಚಹಾ ಕುಡಿದು ಮುಗಿಸಿ, ‘ಮುಂದಿನ ಸಾಲು ಓದು’ ಅಂದರು. ಅವರ ಮಗ ಸೂಪರ್ ಮಾರ್ಕೆಟಿನಲ್ಲಿ ವಾಚ್ ರಿಪೇರಿ ಮಾಡಿಕೊಂಡಿದ್ದ, ಉರ್ದು ಓದಲು ಬರುತ್ತಿರಲಿಲ್ಲ. ಅಪ್ಪನೇ ಕಲಿಸಲಿಲ್ಲವಂತೆ. ನನಗೆ ಕಲಿಸಿದರು.

ದಾದಿಯ ತಂಗಿ ಜಹೀರಾಬಾದಿನಲ್ಲಿ ಇದ್ದಾರೆ ಎಂದು ಬರೆದಿದ್ದೀರಿ, ಎಂಬತ್ತೇಳು ವರ್ಷ. ಈ ವಾರವೇ ಹೋಗಿ. ‘ದಾದಾ ಹೇಗೆ ಸತ್ತರು’ ಎಂದು ಶುರು ಮಾಡಬೇಡಿ. ಮನೆ ಬಿಟ್ಟು ಹೊರಟಾಗ ಯಾವ ಪಾತ್ರೆ ತಂದಿರಿ, ಯಾವ ಊರಿಂದ ಯಾವ ಊರಿಗೆ ನಡೆದಿರಿ, ದಾರಿಯಲ್ಲಿ ಯಾರು ರೊಟ್ಟಿ ಕೊಟ್ಟರು ಅಂತ ಕೇಳಿ. ಮುದುಕರಿಗೆ ಸಾಮಾನಿನ ನೆನಪು ಮೊದಲು ಬರುತ್ತದೆ, ಉಳಿದದ್ದು ಅದರ ಹಿಂದೆ ಬಂದರೆ ಬರುತ್ತದೆ. ಮೊಮ್ಮಗನನ್ನು ಜೊತೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ನಮ್ಮದು ಯಾದಗಿರಿ ಜಿಲ್ಲೆಯ ಸಣ್ಣ ಊರು. ರಾಜರು ಹೋದರು, ಪಾಟೀಲಕಿ ಹೋಯ್ತು ಅಂತ ಪುಸ್ತಕದಲ್ಲಿದೆ. ಆದರೆ ಮೂರು ತಲೆಮಾರಿನಿಂದ ಊರಲ್ಲಿ ಒಂದೇ ಮನೆಯವರ ಮಾತು ನಡೆಯುತ್ತದೆ. ಇದು ಹೇಗೆ? — ಪದವಿ ವಿದ್ಯಾರ್ಥಿ

ಉತ್ತರ: ಪಾಟೀಲಕಿ, ಕುಲಕರ್ಣಿಕಿಯನ್ನು ರದ್ದು ಮಾಡಿದ ಕಾಯಿದೆ 1961ರದು, ಜಾರಿಗೆ ಬಂದದ್ದು 1963. ಹೋದದ್ದು ಹುದ್ದೆ. ವಾಡೆ ಅಲ್ಲೇ ಇತ್ತು, ವಾಡೆಯಲ್ಲಿ ಕಾಗದ ಓದುವವರಿದ್ದರು, ತಾಲ್ಲೂಕಿಗೆ ಹೋಗಿ ಸಾಹೇಬರೆದುರು ಕುರ್ಚಿ ಎಳೆದು ಕೂರುವ ರೂಢಿ ಇತ್ತು. ಮೊದಲು ಸಹಕಾರಿ ಸೊಸೈಟಿ ಚೇರ್ಮನ್ ಆದರು, ಸಾಲ ಯಾರಿಗೆ ಅನ್ನುವುದು ಅವರ ಕೈಗೆ ಬಂತು. ಮಕ್ಕಳು ಗುತ್ತಿಗೆದಾರರಾದರು. ಪಂಚಾಯಿತಿಗೆ ಮೀಸಲಾತಿ ಬಂದ ಮೇಲೆ ತಮ್ಮ ಹೊಲದಲ್ಲಿ ದುಡಿಯುವವನನ್ನೋ ತಮ್ಮ ಮನೆಯ ಹೆಣ್ಣುಮಗಳನ್ನೋ ನಿಲ್ಲಿಸಿದರು. ಸಹಿ ಅವರದು, ಮಾತು ಇವರದು. ನಿಮ್ಮೂರಿನ ಸೊಸೈಟಿಯ ಹಳೇ ಬೋರ್ಡಿನ ಮೇಲೆ ಅಧ್ಯಕ್ಷರ ಹೆಸರುಗಳಿರುತ್ತವೆ, ಒಮ್ಮೆ ಓದಿ ನೋಡು.

ನಿಮ್ಮ ಜಿಲ್ಲೆಯಲ್ಲೇ ಎರಡು ಮನೆತನ ನೋಡು, ಎರಡು ಥರ. ಸುರಪುರದ ನಾಯಕರು 1858ರಲ್ಲಿ ಇಂಗ್ಲಿಷರ ವಿರುದ್ಧ ಎದ್ದು ರಾಜ್ಯ ಕಳೆದುಕೊಂಡರು, ಸಂಸ್ಥಾನ ನಿಜಾಮನ ಪಾಲಾಯಿತು. ಅದೇ ಮನೆತನದ ರಾಜಾ ವೆಂಕಟಪ್ಪ ನಾಯಕ ಶಾಸಕರಾಗಿದ್ದಾಗಲೇ 2024ರಲ್ಲಿ ತೀರಿಕೊಂಡರು, ಉಪಚುನಾವಣೆಯಲ್ಲಿ ಮಗ ಗೆದ್ದರು. ಇನ್ನೊಂದು, ಗುರುಮಠಕಲ್ಲಿನಿಂದ 1972ರಲ್ಲಿ ಮೊದಲು ಗೆದ್ದ ಮಲ್ಲಿಕಾರ್ಜುನ ಖರ್ಗೆಯವರದು. ಭಾಲ್ಕಿ ತಾಲ್ಲೂಕಿನ ವರವಟ್ಟಿಯಲ್ಲಿ ರಜಾಕಾರರು ಹಚ್ಚಿದ ಬೆಂಕಿಯಲ್ಲಿ ತಾಯಿಯನ್ನು ಕಳೆದುಕೊಂಡ ಹುಡುಗ. ತಂದೆ ಕಲಬುರಗಿಗೆ ಬಂದು ಎಂ.ಎಸ್.ಕೆ. ಬಟ್ಟೆ ಮಿಲ್ಲಿನಲ್ಲಿ ದುಡಿದರು. ಮಗ ಅದೇ ಮಿಲ್ಲಿನ ಕಾರ್ಮಿಕರ ಪರ ವಕೀಲಿಕೆಗೆ ನಿಂತು ಮೇಲೆ ಬಂದರು, 2022ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾದರು. ಅವರ ಮಗನೂ ಮಂತ್ರಿಯಾದರು. ಕೋಟೆಯಿಂದ ಬಂದವರೂ ಸುಟ್ಟ ಗುಡಿಸಲಿನಿಂದ ಬಂದವರೂ ಮಗನಿಗೇ ಕುರ್ಚಿ ಬಿಡುತ್ತಾರೆ ಅನ್ನುತ್ತೀಯೇನೋ. ಅನ್ನು, ತಪ್ಪಿಲ್ಲ. ಆದರೆ ಎರಡನ್ನೂ ಒಂದೇ ತಕ್ಕಡಿಗೆ ಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ಹಿಂದಿನವರು ಏರಿದ ಮೆಟ್ಟಿಲು ಎಷ್ಟು ಅನ್ನುವುದನ್ನೂ ಎಣಿಸಬೇಕು.

ಪ್ರಶ್ನೆ: ನಮ್ಮಜ್ಜ 1948ರಲ್ಲಿ ಅಫಜಲಪುರ ಕಡೆಯಿಂದ ಸೊಲ್ಲಾಪುರಕ್ಕೆ ಓಡಿಬಂದವರು, ಹಿಂದಿರುಗಲಿಲ್ಲ. ನಾನು ಹುಟ್ಟಿ ಓದಿದ್ದೆಲ್ಲ ಇಲ್ಲೇ, ಮನೆಮಾತು ಕನ್ನಡ. ಕಲ್ಯಾಣ ಕರ್ನಾಟಕದವರಿಗೆ ಓದು, ನೌಕರಿಯಲ್ಲಿ ಮೀಸಲಾತಿ ಕೊಡುವ 371(ಜೆ) ಪ್ರಮಾಣಪತ್ರ ನನಗೆ ಸಿಗುತ್ತದೆಯೇ?

ಉತ್ತರ: ಅಜ್ಜನ ಮೇಲೆ ಸಿಗುವುದಿಲ್ಲ. 2012ರ 98ನೇ ತಿದ್ದುಪಡಿಯಿಂದ ಬಂದ ಈ ಸೌಲಭ್ಯಕ್ಕೆ ಈ ಭಾಗದಲ್ಲಿ ಹುಟ್ಟು, ಹತ್ತು ವರ್ಷದ ವಾಸ, ಓದು ಇಂಥವನ್ನು ನೋಡುತ್ತಾರೆ. ಓಡಿಹೋದವರಿಗೆ ಕಾಲಂ ಇಲ್ಲ. ನಿಜಾಮನೂ ಮುಲ್ಕಿ (ಅಂದರೆ ಸ್ಥಳೀಯ) ನಿಯಮ ಮಾಡಿದ್ದ, ನೌಕರಿಗೆ ಹದಿನೈದು ವರ್ಷದ ವಾಸ ಬೇಕು ಅಂತ. ನಿಮ್ಮಜ್ಜ ಅವನ ಕಾಲದಲ್ಲಿ ಮುಲ್ಕಿ, ನೀವು ನಮ್ಮ ಕಾಲದಲ್ಲಿ ಗೈರ್‌ಮುಲ್ಕಿ. ನಿಮ್ಮ ತಂದೆಯೋ ತಾಯಿಯೋ ಇತ್ತ ಹುಟ್ಟಿದ್ದರೆ, ಓದಿದ್ದರೆ ಆ ದಾಖಲೆ ಹಿಡಿದು ಕಲಬುರಗಿಯ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ. ಏಜೆಂಟನಿಗೆ ರೊಕ್ಕ ಕೊಡಬೇಡಿ.

ಪ್ರಶ್ನೆ: ನಮ್ಮ ಆಯಿಯ ಎಲಿ-ಅಡಕಿ ಚಂಚಿಯೊಳಗೆ ಚಾರ್‌ಮಿನಾರ್ ಚಿತ್ರದ ಒಂದು ನಾಣ್ಯ ಅದ. ಅದಕ್ಕೆ ಎಷ್ಟು ರೊಕ್ಕ ಬರ್ತದ? — 6ನೇ ತರಗತಿ, ಕಲಬುರಗಿ

ಉತ್ತರ: ಪುಟ್ಟಾ, ಅದು ಹಾಲಿ ಸಿಕ್ಕಾ, ನಿಜಾಮನ ರೂಪಾಯಿ. ಇಂಗ್ಲಿಷರ ಆರು ರೂಪಾಯಿಗೆ ಇವು ಏಳು ಬರುತ್ತಿದ್ದವು. ಈಗ ಮಾರಿದರೆ ಬೆಳ್ಳಿಯ ತೂಕಕ್ಕಿಂತ ಒಂದಿಷ್ಟು ಹೆಚ್ಚು ಸಿಗಬಹುದು, ಮಾರಬೇಡ. ಆಯಿಗೆ ಅದನ್ನು ಯಾರು ಕೊಟ್ಟರು, ಯಾಕೆ ಖರ್ಚು ಮಾಡದೆ ಉಳಿಸಿಕೊಂಡರು ಕೇಳಿ ನನಗೆ ಇನ್ನೊಂದು ಕಾರ್ಡ್ ಬರಿ. ಹುಣಸೆಹಣ್ಣು ಹಚ್ಚಿ ತಿಕ್ಕಬ್ಯಾಡ ಮತ್ತ, ಅಕ್ಷರ ಸವೀತಾವ.